ನಾಲ್ಕನೆಯ ದಿನದ ನೀರು

ಹಡರ್ಸ್‌ಫೀಲ್ಡ್ ಕಡೆಯಿಂದ ಬಂದ ಕ್ಯಾರವಾನ್ ರಿಪೇರಿಯವನು ನಮ್ಮ ಗಾಲಿಮನೆಯ ಒಳಗೆ ಹತ್ತಿ ಎರಡು ಹೆಜ್ಜೆ ಇಟ್ಟವನೇ ನಿಂತುಬಿಟ್ಟ. ಅವನ ಬೂಟಿನ ಕೆಳಗೆ ನೆಲ ಮೆತ್ತಗೆ ಕುಸಿಯಿತು. ಇನ್ನೊಂದು ಸಲ ಒತ್ತಿ ನೋಡಿದ. ಹಾಲಿನಲ್ಲಿ ಅದ್ದಿದ ಬಿಸ್ಕತ್ತಿನ ಹಾಗಿತ್ತು. ನಮ್ಮ ಕಡೆ ತಿರುಗಿ, ಇರುವುದು ಎರಡೇ ದಾರಿ ಎಂದ. ನೆಲವನ್ನು ಪೂರ್ತಿ ಕಿತ್ತು, ಗೋಡೆಯ ಹಲಗೆಗಳನ್ನು ಬದಲಿಸಿ ರಿಪೇರಿ ಮಾಡಿಸುವುದು ಒಂದು. ಇಲ್ಲವಾದರೆ ಇದ್ದ ಸ್ಥಿತಿಯಲ್ಲೇ ಅವನಿಗೆ ಮಾರಿಬಿಡುವುದು, ಬಿಡಿಭಾಗಗಳಾದರೂ ಉಪಯೋಗಕ್ಕೆ ಬರುತ್ತವೆ. ಶನಿವಾರ ಬೆಳಿಗ್ಗೆ ಗಾಡಿ ತೆಗೆದುಕೊಂಡೇ ಬರುತ್ತೇನೆ, ಅಷ್ಟರಲ್ಲಿ ತೀರ್ಮಾನ ಮಾಡಿ ಎಂದ. ಹೊರಡುವಾಗ ನನ್ನ ಮುಖ ನೋಡಿ, "ಚಿಯರ್ ಅಪ್, ಲವ್. ಇಟ್ಸ್ ಓನ್ಲಿ ಎ ಕ್ಯಾರವಾನ್" ಅಂದ.

ಓನ್ಲಿ ಎ ಕ್ಯಾರವಾನ್ ಅಂತೆ. ಅವನ ತಲೆ!

ನಾವಿರುವುದು ಸ್ಟಾಕ್‌ಪೋರ್ಟಿನಲ್ಲಿ, ಪಕ್ಕದ ಮನೆಗೆ ಅಂಟಿಕೊಂಡಿರುವ ಮೂರು ಬೆಡ್‌ರೂಮಿನ ಮನೆಯಲ್ಲಿ. ನಾನು ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು. ಗಂಡನದು ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ ಮಾಡುತ್ತಾರೆ. ಒಬ್ಬಳು ಮಗಳು, ಲೀಡ್ಸ್‌ನಲ್ಲಿ ಓದುತ್ತಾಳೆ. ಅವಳು ಹೋದ ಮಾರನೆಯ ವಾರವೇ ಅವಳ ರೂಮು ಇವರ ಆಫೀಸಾಯಿತು. ಇನ್ನು ನಮ್ಮ ಅತ್ತೆ. ವೀಸಾ ನಿಯಮಗಳು ಬಿಗಿಯಾಗುವ ಮೊದಲೇ ಮೈಸೂರಿನಿಂದ ಬಂದವರು, ಇಲ್ಲಿಯೇ ನಿಂತರು. ಮಗ ಅಂದರೆ ಅವರಿಗೆ ಪ್ರಾಣ. ಸೊಸೆ ಅಂದರೆ ಏನು ಎಂಬುದನ್ನು ಅವರು ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ.

ಕ್ಯಾರವಾನ್ ತಂದವರು ನನ್ನ ಗಂಡ. ನಿವೃತ್ತನಾಗಿ ಸ್ಪೇನಿಗೆ ಹೊರಟಿದ್ದ ಸಹೋದ್ಯೋಗಿಯೊಬ್ಬ ಕೊಟ್ಟು ಹೋದದ್ದು. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುತ್ತೇವೆ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತೇವೆ, ಇನ್ನು ನಮ್ಮನ್ನು ಹಿಡಿಯುವವರು ಯಾರು ಎಂದು ಇವರು ಕುಣಿದರು. ತಿರುಗಿದ್ದು ಎರಡೇ ಸಲ. ಒಂದು ಸಲ ವೇಲ್ಸ್‌ಗೆ, ಒಂದು ಸಲ ಯಾರ್ಕ್‌ಷೈರಿನ ಬೆಟ್ಟಗಳಿಗೆ. ಎರಡನೆಯ ಸಲ ಅತ್ತೆಯೂ ಬಂದಿದ್ದರು. ಆ ಒಲೆಯ ಮೇಲೆ ಹಿಂದಿನವರು ಏನೇನು ಬೇಯಿಸಿದ್ದರೋ ಎಂದು ಅದನ್ನು ಮುಟ್ಟಲೇ ಇಲ್ಲ. ಅವಲಕ್ಕಿ ಬಾಳೆಹಣ್ಣಿನಲ್ಲೇ ಕಾಲ ಕಳೆದು, ಮನೆಗೆ ಬಂದವರು "ಸಾಕಪ್ಪಾ ನಿನ್ನ ಡಬ್ಬಿ ಸಹವಾಸ" ಅಂದರು. ಅಂದಿನಿಂದ ಆ ಡಬ್ಬಿ ಮನೆಯ ಪಕ್ಕದ, ಕಾರು ನಿಲ್ಲಿಸುವ ಡ್ರೈವ್‌ನಲ್ಲಿ, ಅಡಿಗೆಮನೆಯ ಕಿಟಕಿಗೆ ಅಡ್ಡವಾಗಿ ನಿಂತಿತು. ಪಾತ್ರೆ ತೊಳೆಯುತ್ತಾ ತಲೆ ಎತ್ತಿದರೆ ಬಿಳಿ ತಗಡು. ಆಕಾಶ ನೋಡಬೇಕಾದರೆ ಸಿಂಕಿಗೆ ಬಗ್ಗಿ ಕತ್ತು ತಿರುಚಬೇಕಿತ್ತು.

ನಮ್ಮ ಅತ್ತೆ ಮಡಿಯವರು. ಮೆಟ್ಟಿಲ ಕೆಳಗಿನ ಕಪಾಟೇ ಅವರ ದೇವರಮನೆ. ಬೇರೆಯವರು ಅಲ್ಲಿ ಕಸ ಹೀರುವ ಹೂವರ್ ಇಡುತ್ತಾರೆ, ನಮ್ಮಲ್ಲಿ ಸಾಲಿಗ್ರಾಮ. ತಿಂಗಳಲ್ಲಿ ಮೂರು ದಿನ ನಾನು ಆ ಕಪಾಟಿನ ಮುಂದೆ ಹಾಯುವಂತಿರಲಿಲ್ಲ, ಅಡಿಗೆಮನೆಗೆ ಕಾಲಿಡುವಂತಿರಲಿಲ್ಲ. ಅವರು ಬಂದ ಹೊಸತರಲ್ಲಿ ನಾನು ಹಾರಾಡಿದೆ. ನಾನು ಡಾಕ್ಟರು, ಇದು ಇಂಗ್ಲೆಂಡು, ಇದೆಲ್ಲ ನನ್ನ ಮನೆಯಲ್ಲಿ ನಡೆಯದು ಎಂದೆ. ಅತ್ತೆ ಜಗಳವಾಡಲಿಲ್ಲ. ಆ ಮೂರು ದಿನ ಊಟ ಬಿಟ್ಟರು, ಅಷ್ಟೇ. "ನನಗೆ ಹಸಿವಿಲ್ಲ ಕಣಮ್ಮ, ನೀವು ತಿನ್ನಿ" ಎಂದು ಮಣೆ ಹಾಕಿಕೊಂಡು ಕೂತರು. ವಯಸ್ಸಾದ ಹೆಂಗಸು ಎದುರಿಗೆ ಉಪವಾಸ ಕೂತಿರುವಾಗ ಯಾವ ಡಾಕ್ಟರಿಗೆ ತುತ್ತು ಇಳಿಯುತ್ತದೆ? ಇವರೋ, ಅಮ್ಮ ಮಡಿಯ ವಿಷಯದಲ್ಲಿ ಒಂದು ಮಾತು ಅಂದರೆ ತೆಗೆದುಹಾಕಿದವರೇ ಅಲ್ಲ. ಹಾಗಾಗಿ ನಾನು ಸೋತೆ. ಮುಂದಿನ ಕೋಣೆಯ ಸೋಫಾ ಹಿಡಿದು ಮೂರು ಮೂರು ದಿನ ಕೂತೆ.

ಕ್ಯಾರವಾನ್ ಬಂದು ನಿಂತ ಮೇಲೆ ಅತ್ತೆಯೇ ಒಂದು ದಿನ ಅಂದರು: "ಆ ಸೋಫಾ ಮೇಲೆ ಯಾಕೆ ಮೈ ಮುದುಡ್ಕೊಂಡು ಬೀಳ್ತೀಯೇ? ಗಾಡೀಲಿ ಹಾಸಿಗೆ ಇದೆಯಲ್ಲ. ಹೊರಗಾದಾಗ ಅಲ್ಲೇ ಇರು."

'ಹೊರಗೆ'. ನಮ್ಮ ಕಡೆ ಮುಟ್ಟಿಗೆ ಹಾಗೆಯೇ ಹೇಳುವುದು. ಇವಳು ಹೊರಗೆ, ಅವಳು ಹೊರಗೆ. ಅಲ್ಲಿಯವರೆಗೆ ಅದು ಬರೀ ಮಾತಾಗಿತ್ತು. ಈಗ ನನ್ನ ಸ್ವಂತ ಮನೆಯಿಂದ, ನಾನೂ ಮಾರ್ಟ್‌ಗೇಜ್ ಕಟ್ಟುವ ಮನೆಯಿಂದ, ದಿಂಬು ಕಂಕುಳಲ್ಲಿಟ್ಟುಕೊಂಡು ನಿಜವಾಗಿಯೂ ಹೊರಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ಒಳಗೆ ಹತ್ತಿ ಬಾಗಿಲನ್ನು ದಢಾರನೆ ಹಾಕಿಕೊಂಡೆ. ಚಿಲಕ ತಾನಾಗಿಯೇ ಕೂತಿತು, ಟಕ್ ಎಂದು.

ಆಮೇಲೆ ಏನೂ ಕೇಳಿಸಲಿಲ್ಲ.

ಆ ನಿಶ್ಶಬ್ದಕ್ಕೆ ನಾನು ತಯಾರಾಗಿರಲಿಲ್ಲ. ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೆ ಒಬ್ಬರು ಬಂದು ನನ್ನೆದುರು ಕೂರುತ್ತಾರೆ. ಮನೆಗೆ ಬಂದರೆ ಬೂಟು ಬಿಚ್ಚುವ ಮೊದಲೇ ಶುರು: ಸಾರಿಗೆ ಬೇಳೆ ಹಾಕಲಾ, ನನ್ನ ಚಾರ್ಜರ್ ನೋಡಿದ್ಯಾ, ಅಮ್ಮಾ ವೇರ್ ಈಸ್ ಮೈ ಬ್ಲ್ಯಾಕ್ ಟಾಪ್. ಕ್ಯಾರವಾನಿನಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳುವಂತೆಯೇ ಇರಲಿಲ್ಲ, ನಾನು ಹೊರಗೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಿದ್ದುಕೊಂಡೆ. ಸಂಜೆ ಅತ್ತೆ ಅಡಿಗೆಮನೆಯ ಕಿಟಕಿ ತೆರೆದರು. ಕಿಟಕಿಯ ಹೊರಗಿನ ಕಲ್ಲುಪಟ್ಟಿಯ ಮೇಲೆ ನನ್ನ ಲೋಟ ಇಡಿಸಿ, ಲೋಟಕ್ಕೆ ತಾಗದ ಹಾಗೆ ಎತ್ತರದಿಂದ ಕಾಫಿ ಸುರಿದರು. ನೊರೆ ಉಕ್ಕಿ ಬಂತು. ಕಿಟಕಿ ಮುಚ್ಚಿಕೊಂಡಿತು. ನಾನು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದೆ. ನನ್ನ ಜೀವಮಾನದಲ್ಲಿ ಯಾರೂ ಕರೆಯದೆ ಮುಗಿಸಿದ ಮೊದಲ ಲೋಟ ಅದು.

ಇದನ್ನು ಓದಿ ಯಾರೂ ಆ ಪದ್ಧತಿಯನ್ನು ಕೊಂಡಾಡಲು ಹೋಗಬೇಡಿ, ನನಗೆ ಕೆಟ್ಟ ಕೋಪ ಬರುತ್ತದೆ. ಅದು ಅವಮಾನವೇ. ನನ್ನ ಮಗಳಿಗೆ ಅದನ್ನು ಸೋಕಿಸಬಾರದು ಎಂದು ನಾನು ಅತ್ತೆಗೆ ನೇರವಾಗಿ ಹೇಳಿದ್ದೆ. ಅವರೂ ಒಪ್ಪಿಕೊಂಡರು, ಅವಳ ಲೆಕ್ಕ ಕೇಳಲೇ ಇಲ್ಲ. ಆದರೆ ಆ ಅವಮಾನಕ್ಕೆ ಒಂದು ಬಾಗಿಲಿತ್ತು, ಚಿಲಕವಿತ್ತು. ಮನೆಯೊಳಗಿನ ಮರ್ಯಾದೆಗೆ ಅವೆರಡೂ ಇರಲಿಲ್ಲ. ನಾನೇನು ಮಾಡಲಿ?

ಸಂಪಾದಿಸುವ ಹೆಂಗಸು, ನನಗೆ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು ಎಂದು ಹೇಳಿದರೆ ಮುಗಿಯಿತಲ್ಲ ಎನ್ನುತ್ತೀರಿ. ಹೇಳಿ ನೋಡಿ ನಮ್ಮ ಮನೆಯಲ್ಲಿ! "ಯಾಕೆ, ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ? ಹುಷಾರಿಲ್ವಾ?" ಎಂದು ಮೂರೂ ಜನ ಬಂದು ಮಂಚದ ಸುತ್ತ ನಿಲ್ಲುತ್ತಾರೆ. ಒಬ್ಬಳೇ ಇರಬೇಕು ಎಂಬುದಕ್ಕೆ ನಮ್ಮಲ್ಲಿ ಕಾರಣ ಬೇಕು, ಕಾರಣಕ್ಕೆ ಔಷಧಿ ಬೇಕು. 'ಹೊರಗೆ' ಎಂದರೆ ಯಾರೂ ಯಾಕೆ ಎನ್ನುವುದಿಲ್ಲ. ಇವರಂತೂ ಆ ಮಾತು ಕಿವಿಗೆ ಬಿದ್ದರೆ ಲ್ಯಾಪ್‌ಟಾಪಿನೊಳಗೆ ತಲೆ ಹುದುಗಿಸುತ್ತಾರೆ.

ಹೀಗಿರುವಾಗ ನನಗೆ ಮುಟ್ಟು ನಿಂತಿತು.

ಮೊದಲು ತಿಂಗಳು ತಪ್ಪಿತು, ಆಮೇಲೆ ಬಂತು, ಆಮೇಲೆ ಬರಲೇ ಇಲ್ಲ. ಈ ವಿಷಯದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ದಿನಕ್ಕೆ ಒಬ್ಬಳಾದರೂ ಬಂದು, ಡಾಕ್ಟರ್, ಮೈ ಧಗಧಗ ಅನ್ನುತ್ತೆ, ಸುಮ್ಮಸುಮ್ಮನೆ ಅಳು ಬರುತ್ತೆ ಎನ್ನುತ್ತಾಳೆ. ಮನೆಯವರೊಡನೆ ಮುಕ್ತವಾಗಿ ಮಾತಾಡಿ ಎಂದು ನಾನು ಅವರಿಗೆ ಹೇಳಿ ಕಳಿಸುತ್ತೇನೆ. ಮನೆಗೆ ಬಂದು ನಾನು ಮಾತಾಡಲಿಲ್ಲ. ತಿಂಗಳು ತುಂಬಿತು, ದಿಂಬು ಎತ್ತಿಕೊಂಡೆ, "ಅತ್ತೆ, ನಾನು ಹೊರಗೆ" ಅಂದೆ. "ಹ್ಞೂಂ" ಅಂದರು. ಅದಾದ ಮೇಲೆ ಪ್ರತಿ ತಿಂಗಳೂ ಅಂದೆ. ಎರಡು ವರ್ಷ ಅಂದೆ. ಗಂಡನಿಗೂ ಗೊತ್ತಾಗಲಿಲ್ಲವೇ ಎಂದು ಕೇಳುವವರಿಗೆ ಒಂದೇ ಮಾತು: ನನ್ನ ಗಂಡನಿಗೆ ಫ್ರಿಜ್ಜಿನಲ್ಲಿ ಮೊಸರು ಮುಗಿದದ್ದೂ ಗೊತ್ತಾಗುವುದಿಲ್ಲ.

ಸುಳ್ಳು ಹೇಳುವುದು ಸುಲಭ, ಅದನ್ನು ಶಾಸ್ತ್ರೋಕ್ತವಾಗಿ ಮುಗಿಸುವುದು ಕಷ್ಟ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡೇ ಮನೆಯೊಳಗೆ ಕಾಲಿಡಬೇಕು. ನಮ್ಮ ಬಚ್ಚಲು ಮಹಡಿಯ ಮೇಲೆ, ದೇವರ ಕಪಾಟನ್ನು ದಾಟಿಯೇ ಹತ್ತಬೇಕು. ಹಾಗಾಗಿ ಆ ಸ್ನಾನವೂ ಕ್ಯಾರವಾನಿನಲ್ಲೇ ಆಗಬೇಕಿತ್ತು. ಅಲ್ಲಿ ಒಂದು ಷವರ್ ಇದೆ, ಇಲ್ಲವೆಂದಲ್ಲ. ಬೀರುವಿನಷ್ಟು ಜಾಗ, ಕಾಲ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ತಟ್ಟೆ. ಆದರೆ ತಲೆಗೆ ನೀರು ಎಂದರೆ ನಮ್ಮ ಅತ್ತೆಯ ಪ್ರಕಾರ ತುಂತುರು ಅಲ್ಲ. "ಅದೇನೇ ಕೋಳಿಗೆ ಚಿಮುಕಿಸಿದ ಹಾಗೆ! ನೆತ್ತಿ ನೆನೀಬೇಕು" ಎಂದು ಬೆಳಿಗ್ಗೆ ಎದ್ದು ನೀರು ಕಾಯಿಸಿ, ತುಂಬಿದ ಬಕೆಟ್ಟನ್ನೂ ಚೊಂಬನ್ನೂ ಹಿಂಬಾಗಿಲಲ್ಲಿ ಇಟ್ಟು ಸರಿದು ನಿಲ್ಲುತ್ತಿದ್ದರು. ನಾನು ಎಳೆದುಕೊಂಡು ಹೋಗಿ ಆ ತಟ್ಟೆಯಲ್ಲಿ ನಿಂತು ಚೊಂಬು ಚೊಂಬು ಸುರಿದುಕೊಳ್ಳುತ್ತಿದ್ದೆ. ಗೋಡೆಗೆ ಬಡಿಯುತ್ತಿತ್ತು, ಬಾಗಿಲ ಅಡಿಯಿಂದ ಹೊರಗೆ ಹರಿಯುತ್ತಿತ್ತು. ಹಳೆಯ ಟವೆಲ್ ಹಾಕಿ ಒರೆಸಿ, ಕುಂಕುಮ ಇಟ್ಟುಕೊಂಡು ಒಳಗೆ ಹೋಗುತ್ತಿದ್ದೆ. ನಿಜವಾದ ತಿಂಗಳುಗಳಲ್ಲಿ ಹಾಕಿಕೊಂಡ ನೀರು ಎಷ್ಟೋ, ಸುಳ್ಳಿನ ತಿಂಗಳುಗಳಲ್ಲಿ ಹಾಕಿಕೊಂಡದ್ದು ಎಷ್ಟೋ. ಹಲಗೆಗೆ ಎರಡೂ ಒಂದೇ.

ಮೊದಲು ವಾಸನೆ ಬಂತು, ಒದ್ದೆ ಬಟ್ಟೆ ಮಡಿಸಿಟ್ಟರೆ ಬರುತ್ತದಲ್ಲ, ಅದು. ಆಮೇಲೆ ಹಾಸಿಗೆಯ ಕೆಳಗಿನ ಗೋಡೆಯ ಕಾಗದ ಉಬ್ಬಿತು, ಕಪ್ಪು ಚುಕ್ಕೆ ಎದ್ದವು. ಇವರು ಕಂಡವರೇ ಯುದ್ಧ ಸಾರಿದರು. ಮಳೆ ಸೋರುತ್ತಿದೆ ಎಂಬುದು ಇವರ ಸಿದ್ಧಾಂತ; ಮ್ಯಾಂಚೆಸ್ಟರಿನ ಪಕ್ಕ ಇದ್ದುಕೊಂಡು ಮಳೆಯ ಮೇಲೆ ತಪ್ಪು ಹೊರಿಸುವುದು ಯಾರಿಗೂ ಕಷ್ಟವಲ್ಲ. ಏಣಿ ಹತ್ತಿ ಚಾವಣಿಯ ಸಂದಿಗಳಿಗೆಲ್ಲ ಅಂಟು ಮೆತ್ತಿದರು. ಟಾರ್ಪಾಲು ಹೊದಿಸಿದರು. ತೇವ ಅಳೆಯುವ ಮೀಟರ್ ತರಿಸಿ, ಗೋಡೆಗೆ ಚುಚ್ಚಿ ಚುಚ್ಚಿ ನೋಡಿದರು. ತೇವ ಹೀರುವ ಯಂತ್ರ ವಾರಗಟ್ಟಲೆ ಗುರ್ ಎಂದು ಓಡಿತು. ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದೆ. ಮೀಟರು ಎಲ್ಲಿ ಹೆಚ್ಚು ಕೂಗುತ್ತದೆ ಎಂದು ನನಗೆ ಗೊತ್ತಿತ್ತು.

ಮಂಗಳವಾರ ಬಂದ ಆ ಹಡರ್ಸ್‌ಫೀಲ್ಡಿನವನು ಷವರಿನ ತಟ್ಟೆ ಎತ್ತಿ ನೋಡಿ, ಇದು ಮಳೆಯಲ್ಲ, ಇಲ್ಲಿ ಸೀಳಿದೆ, ನೀರು ಒಳಗಿನದು ಎಂದ. ಷವರನ್ನು ಯಾರಾದರೂ ಬಳಸುತ್ತೀರಾ ಎಂದು ಕೇಳಿದ. ಬಳಸುವವರು ಕಡಿಮೆಯಂತೆ, ಬಹಳ ಜನ ಅದರಲ್ಲಿ ಕೋಟು ನೇತುಹಾಕುತ್ತಾರಂತೆ.

"ಇಲ್ಲಪ್ಪ, ನಿಂತಲ್ಲೇ ನಿಂತಿರೋ ಗಾಡಿ" ಎಂದು ಇವರು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ನನ್ನ ಕಡೆ ತಿರುಗಿದರು. "ಅಲ್ವೇನೇ?"

"ನಾಲ್ಕನೇ ದಿನ" ಅಂದೆ.

ಇವರ ಕಿವಿ ಕೆಂಪಾಯಿತು. ಅವನಿಗೆ ಏನೂ ವಿವರಿಸದೆ ಹೊರಗೆ ಹೋಗಿ ಟಾರ್ಪಾಲು ಮಡಿಸತೊಡಗಿದರು.

ಆ ವಾರವಿಡೀ ನಾನು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಓಡಾಡಿದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಮ್ಮನಿದ್ದರೆ ಕ್ಯಾರವಾನ್ ಹೋಗುತ್ತದೆ. ರಿಪೇರಿ ಮಾಡಿಸೋಣ ಎಂದರೆ ಯಾಕೆ ಎನ್ನುತ್ತಾರೆ. ಪ್ರವಾಸಕ್ಕೆ ಎನ್ನಲಾರೆ, ಹೋಗುವವರು ಯಾರೂ ಇಲ್ಲ. ಹೊರಗೆ ಕೂರುವುದಕ್ಕೆ ಎನ್ನೋಣವೆಂದರೆ, ಐವತ್ತು ದಾಟಿದ ಜಿಪಿ ಬಾಯಲ್ಲಿ ಆ ಮಾತು ಇನ್ನೆಷ್ಟು ವರ್ಷ ನಡೆದೀತು? ಮಗಳಿಗೆ ಫೋನಿನಲ್ಲಿ, ಕ್ಯಾರವಾನ್ ಮಾರಬಹುದು ಎಂದೆ. "ಥ್ಯಾಂಕ್ ಗಾಡ್, ಅಮ್ಮಾ. ಅದೊಂದು ಜೈಲ್" ಎಂದು ಅಪರೂಪಕ್ಕೆ ಕನ್ನಡ ಬೆರೆಸಿ ಹೇಳಿದಳು. ಜೈಲು ಯಾವುದು ಎಂದು ಅವಳಿಗೆ ಹೇಗೆ ಹೇಳಲಿ?

ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮೌನ ನನ್ನನ್ನು ತಿಂದಿತು. ಮಗ ದಿನಾ ಕೇಳುತ್ತಿದ್ದರು: ಏನಮ್ಮ, ಮಾಡಿಸೋದಾ, ಮಾರೋದಾ? ಅವರು ದಿನಾ "ಅಮಾವಾಸ್ಯೆ ಕಳೀಲಿ, ಹೇಳ್ತೀನಿ" ಎನ್ನುತ್ತಿದ್ದರು. ಅಮಾವಾಸ್ಯೆ ಶುಕ್ರವಾರವಿತ್ತು. ಬುಧವಾರ ಅವರು ಬೀನ್ಸ್ ಬಿಡಿಸುತ್ತಾ ಕಿಟಕಿಯಾಚೆಯ ಬಿಳಿ ತಗಡನ್ನೇ ನೋಡಿ, "ನಿನಗಿನ್ನು ಅದು ಎಷ್ಟು ದಿನ ಬೇಕಾದೀತೇ?" ಅಂದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಗೊತ್ತಾಗಿದೆಯೋ? ಲೆಕ್ಕ ಹಾಕುತ್ತಿದ್ದಾರೋ? ಮುಖ ನೋಡಿದರೆ ಬೀನ್ಸಿನ ನಾರು ತೆಗೆಯುವುದರಲ್ಲೇ ಇದ್ದರು. ನೋಡಿದ್ಯಾ, ಅತ್ತೆಯೇ ಮಾರಿಸುತ್ತಾರೆ ಎಂದು ನಾನು ತೀರ್ಮಾನಿಸಿದೆ. ಹೊರಗೆ ಕಳಿಸಿದವರೂ ಅವರೇ, ಈಗ ಎಳೆದು ಒಳಗೆ ಹಾಕಿಕೊಳ್ಳುವವರೂ ಅವರೇ. ಆ ದಿನದಿಂದ ಅವರ ಮೇಲೆ ಹಲ್ಲು ಕಡಿಯುತ್ತಲೇ ಇದ್ದೆ.

ಚಿಕ್ಕಂದಿನಲ್ಲಿ ನಾನು ಬಿಸಿ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡಾಗಲೆಲ್ಲ ನಮ್ಮಮ್ಮ, ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಿದ್ದಳು. ಶುಕ್ರವಾರ ಅದನ್ನು ಮತ್ತೊಮ್ಮೆ ಸಾಬೀತು ಮಾಡಿದೆ.

ಮೂವರೂ ಊಟಕ್ಕೆ ಕೂತಿದ್ದೆವು. ಇವರು ಮತ್ತೆ ತೆಗೆದರು.

"ನಾಳೆ ಬೆಳಿಗ್ಗೆ ಅವನು ಬರ್ತಾನೆ. ಏನಂತ ಹೇಳ್ಲಮ್ಮ?"

"ಇವತ್ತು ಅಮಾವಾಸ್ಯೆ ಕಣೋ. ಬೆಳಗಾಗ್ಲಿ."

"ಬೆಳಗಾದ್ರೆ ಅವನು ಬಾಗಿಲಲ್ಲಿ ನಿಂತಿರ್ತಾನೆ. ಕೊಟ್ಟುಬಿಡೋದೇ ವಾಸಿ ಅನ್ಸುತ್ತೆ. ಅಡಿಗೆಮನೆಗೂ ಬೆಳಕು ಬರುತ್ತೆ." ಆಮೇಲೆ ನನ್ನ ಕಡೆ ಪೂರ್ತಿ ನೋಡದೆ, ತಟ್ಟೆಗೆ ಹೇಳಿದರು: "ನಿನಗೆ ಆ ಮೂರು ದಿನಕ್ಕೆ ನನ್ನ ಆಫೀಸ್ ರೂಮ್ ಬಿಟ್ಕೊಡ್ತೀನಿ. ಮೀಟಿಂಗ್ ಇಲ್ಲದೆ ಇರೋ ಟೈಮಲ್ಲಿ."

"ಬೇಡ" ಅಂದೆ. "ಕ್ಯಾರವಾನ್ ರಿಪೇರಿ ಮಾಡಿಸೋಣ."

"ಅಷ್ಟು ಖರ್ಚು ಮಾಡಿ? ಇನ್ನೊಂದೆರಡು ವರ್ಷಕ್ಕೆ ಅದೆಲ್ಲ ಹೇಗಿದ್ರೂ ನಿಂತ್ಹೋಗುತ್ತಲ್ವಾ?"

ಅತ್ತೆ ಆಗ "ಊಟ ಮಾಡೋ ಸುಮ್ನೆ" ಅಂದರು. ಜೋರಾಗಿಯೇ ಅಂದರು. ನಾನು ಅದನ್ನಾದರೂ ಕೇಳಿಸಿಕೊಳ್ಳಬೇಕಿತ್ತು.

"ನಿಂತು ಎರಡು ವರ್ಷ ಆಯ್ತು ರೀ!" ಅಂದೆ. "ಎರಡು ವರ್ಷದಿಂದ ನಾನು ಹೊರಗಾಗೇ ಇಲ್ಲ. ಸುಮ್ಮಸುಮ್ಮನೆ ಹೋಗಿ ಕೂತ್ಕೋತಿದ್ದೆ. ನನಗೆ ಅದು ಬೇಕು. ಚಿಲಕ ಇರೋ ಒಂದು ಜಾಗ ಬೇಕು. ತಿಂಗಳಲ್ಲಿ ಮೂರು ದಿನ ನನ್ನನ್ನ ಯಾರೂ ಏನೂ ಕೇಳಬಾರದು!"

ಹೇಳಿಬಿಟ್ಟೆ. ಇಷ್ಟು ವರ್ಷ ಹೇಳಲಾಗದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ, ಎದೆ ಹಗುರಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡರು.

ಇವರ ಮುಖ ಮೊದಲು ಗಾಬರಿಗೊಂಡಿತು, ಆಮೇಲೆ ಅರಳಿತು. ಇವರು ಕೆಟ್ಟವರಲ್ಲ, ಅದೇ ಕಷ್ಟ. "ಯಾಕೆ, ಏನಾಯ್ತು? ಅಮ್ಮ ಏನಾದ್ರೂ ಅಂದ್ರಾ?" ಎಂದು ಕೇಳಿದರು. ಇಲ್ಲ ಅಂದೆ. "ಮತ್ತೆ? ಸ್ಟ್ರೆಸ್ ಇರ್ಬೇಕು. ಒಂದು ವೀಕೆಂಡ್ ಎಲ್ಲಾದ್ರೂ ಹೋಗಿ ಬರೋಣ, ಇಬ್ಬರೂ" ಅಂದರು. ಇಬ್ಬರೂ! ಆಮೇಲೆ ಒಂದು ದೊಡ್ಡ ಸಮಸ್ಯೆ ಬಗೆಹರಿದವರಂತೆ ಮಜ್ಜಿಗೆ ಕಲಸಿಕೊಂಡರು. "ಮೊದಲೇ ಹೇಳೋದಲ್ವೇನೇ, ಸುಮ್ನೆ ತಲೆ ಕೆಡಿಸ್ಕೊಂಡಿದ್ದೆ. ಹಾಗಾದ್ರೆ ಪ್ರಾಬ್ಲಮ್ಮೇ ಇಲ್ಲ. ಇನ್ಮೇಲೆ ತಿಂಗಳಿಡೀ ನೀನು ಒಳಗೇ ಇರ್ತೀಯ, ಅಮ್ಮನಿಗೂ ಅನುಕೂಲ."

ನಾನು ಅತ್ತೆಯ ಕಡೆ ನೋಡಿದೆ. ಅವರು ಕೈ ತೊಳೆಯಲು ಎದ್ದು ಹೋದರು.

ಶನಿವಾರ ಬೆಳಿಗ್ಗೆ ಅವನು ಬಂದ. ಚಕ್ರಗಳು ನೆಲ ಕಚ್ಚಿದ್ದವು, ಗಾಳಿ ತುಂಬಿಸಬೇಕಾಯಿತು. ನಾನು ಒಳಗೆ ಹೋಗಿ ನನ್ನ ದಿಂಬು, ಎರಡು ಪುಸ್ತಕ, ಆ ಚೊಂಬು ಎತ್ತಿಕೊಂಡೆ. ಬರುವಾಗ ಬಾಗಿಲನ್ನು ಮೆಲ್ಲಗೆ ಎಳೆದೆ. ಟಕ್ ಎಂದಿತು. ಅವನು ತನ್ನ ಗಾಡಿಗೆ ಸಿಕ್ಕಿಸಿ, ಇವರೊಡನೆ ಕೈ ಕುಲುಕಿ, "ಟಾ-ರಾ, ಲವ್" ಎಂದು ಹೊರಟ. ನಿಂತಿದ್ದ ಜಾಗದಲ್ಲಿ ಪಾಚಿ, ಬಸವನಹುಳು, ಉದ್ದನೆಯ ಒಂದು ತೇವದ ಗುರುತು ಉಳಿದವು. ಇವರು ಕೈಯುಜ್ಜಿಕೊಳ್ಳುತ್ತಾ ಮೇಲೆ ಹೋದರು, ಯಾವುದೋ ಕಾಲ್ ಇತ್ತಂತೆ.

ಅಡಿಗೆಮನೆಗೆ ಹೋದರೆ ಬೆಳಕು ಕಣ್ಣಿಗೆ ಚುಚ್ಚಿತು. ಇಷ್ಟು ವರ್ಷ ಕಾಣದಿದ್ದ ಎಣ್ಣೆಯ ಕಲೆಗಳೆಲ್ಲ ಟೈಲ್ಸಿನ ಮೇಲೆ ಎದ್ದು ಕಾಣುತ್ತಿದ್ದವು. ಅತ್ತೆ ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಿದ್ದರು.

"ರಿಪೇರಿ ಮಾಡ್ಸು ಅಂತ ನಾನೇ ಹೇಳೋಳಿದ್ದೆ" ಅಂದರು. ನನ್ನನ್ನು ನೋಡಲಿಲ್ಲ. "ಇವತ್ತು ಬೆಳಿಗ್ಗೆ. ಮಡಿಗೆ ಬೇಕು ಕಣೋ ಅಂದಿದ್ರೆ ಅವನು ಇಲ್ಲ ಅಂತಿದ್ನಾ? ಅಮಾವಾಸ್ಯೆ ದಿನ ಯಾಕೆ ಅಂತ ಸುಮ್ನಿದ್ದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಆದರೆ ನಾನು… ಅತ್ತೆ, ನಿಮಗೆ ಗೊತ್ತಿತ್ತಾ?"

"ಮಾಘ ಮಾಸದ ಚಳೀಲಿ ನೀನು ಕಿಟಕಿ ತೆಕ್ಕೊಂಡು ಬೀಸಣಿಗೇಲಿ ಬೀಸ್ಕೋತಿದ್ದೆ. ಗೊತ್ತಾಗದೆ ಇರೋಕೆ ನಾನೇನು ನಿನ್ನ ಗಂಡನಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ನನ್ನನ್ನ ಯಾರು ಕೇಳಿದ್ರು? ಮೈಸೂರಿನ ಮನೇಲಿ ಹಿತ್ತಲಲ್ಲಿ ಒಂದು ಕೋಣೆ ಇತ್ತು, ಹೊರಗಾದೋರಿಗೆ ಅಂತ. ನನಗೆ ನಿಂತಮೇಲೂ ಐದು ವರ್ಷ ಅಲ್ಲಿ ಹೋಗಿ ಮಲಗಿದ್ದೀನಿ. ನಾಲ್ಕನೇ ದಿನ ನಮ್ಮತ್ತೆ ನೀರು ಕಾಯಿಸಿ ಇಡ್ತಿದ್ರು. ಅವರಿಗೆ ಗೊತ್ತಿತ್ತೋ, ಇಲ್ವೋ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ." ಹಾಲು ಉಕ್ಕಿತು, ಒಲೆ ಆರಿಸಿದರು. "ನೀನು ಬಾಯಿ ಬಿಟ್ಟೆ. ಅದೂ ಅವನ ಎದುರಿಗೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇನ್ನು ನಾನು ಯಾವ ಬಾಯಲ್ಲಿ ಮಡಿ ಅನ್ಲಿ?"

ಎರಡು ವರ್ಷ ಅತ್ತೆ ನನ್ನ ಸುಳ್ಳಿಗೆ ಬೆಳಗಿನ ಜಾವ ಎದ್ದು ನೀರು ಕಾಯಿಸಿದ್ದರು. ನಾನು ಅವರ ಮೇಲೆ ಹಲ್ಲು ಕಡಿದಿದ್ದೆ. ಕ್ಷಮಿಸಿ ಎನ್ನಬೇಕೆಂದರೆ ನಮ್ಮ ನಡುವೆ ಆ ಮಾತಿನ ಬಳಕೆಯೇ ಇಲ್ಲ.

ಅತ್ತೆ ನನ್ನ ಲೋಟ ತೆಗೆದುಕೊಂಡರು. ಕಿಟಕಿ ತೆರೆದು ಹೊರಗಿನ ಕಲ್ಲುಪಟ್ಟಿಯ ಮೇಲೆ ಇಟ್ಟು, ಎಂದಿನ ಹಾಗೆ ಎತ್ತರದಿಂದ ಕಾಫಿ ಸುರಿದರು. ನೊರೆ ಬಂತು. ಕಿಟಕಿ ಹಾಕಿ ನನ್ನ ಕಡೆ ತಿರುಗಿದರು.

"ಹೋಗು, ಕುಡಿದು ಬಾ. ಅವನು ಕೂಗಿದ್ರೆ ನಾನು ಹೇಳ್ತೀನಿ."

"ಏನಂತ?"

"ಹೊರಗಿದ್ದಾಳೆ ಅಂತ."

ಹೋದೆ. ಜಿನುಗು ಮಳೆ ಹಿಡಿದಿತ್ತು. ಖಾಲಿ ಡ್ರೈವ್‌ನ ಮಧ್ಯೆ, ಆ ತೇವದ ಗುರುತಿನ ಮೇಲೆ ನಿಂತು ಕುಡಿದೆ. ಮೇಲಿನ ಕಿಟಕಿಯಿಂದ ಇವರು ಕರೆದದ್ದು ಕೇಳಿಸಿತು, ಅತ್ತೆ ಏನೋ ಉತ್ತರ ಕೊಟ್ಟದ್ದೂ ಕೇಳಿಸಿತು. ಒಂದು ಲೋಟ ಕಾಫಿ ಎಷ್ಟು ಹೊತ್ತು ಬರುತ್ತದೆ? ಆದಷ್ಟು ನಿಧಾನವಾಗಿ ಕುಡಿದೆ. ಮುಗಿಯಿತು. ಒಳಗೆ ಹೋದೆ.